ಮೇಲಿಂದ ಕಂಡ ಬದು

ಓಬಮ್ಮನಿಗೆ ಇದ್ದದ್ದು ಒಂದು ಹೊಲ, ಒಬ್ಬ ಮಗ. ಹೊಲ ಚೆನ್ನಾಗೇ ಇತ್ತು ಕಣ್ರಪ್ಪಾ. ಮಗ ತಿಪ್ಪೇಶಿ ಮಾತ್ರ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ತಾಪತ್ರಯ! ಇದರ ಮೇಲೆ ಪಕ್ಕದ ಹೊಲದ ಪಾಲಯ್ಯ ನಡುವಿನ ಕಲ್ಲುಬದುವನ್ನು ಮಣ್ಣಲ್ಲಿ ಮುಚ್ಚಿ, ಉತ್ತು, ಓಬಮ್ಮನ ಎಂಟು ಗುಂಟೆ ನುಂಗಿ ಕೂತಿದ್ದ. "ಬದು ಎಲ್ಲೈತೆ, ತೋರ್ಸಕ್ಕಾ" ಅಂತ ಸವಾಲು ಬೇರೆ. ಓಬಮ್ಮನಿಗೆ ಅನ್ನ ಸೇರುತ್ತಿರಲಿಲ್ಲ.

ಕೊನೆಗೆ ಅರ್ಜಿ ಕೊಟ್ಟಳು. ಸರ್ವೆ ಸಾಹೇಬರು ಆಕಾಶದಿಂದ ಹೊಲದ ಫೋಟೋ ತೆಗೆಸಿದರು. ಓಬಮ್ಮ ಮಗನನ್ನು ಕರೆದಳು.

"ಪ್ಯಾಟೆಗೋಗಿ ಫೋಟೋ ತಗಂಬಾರೋ. ಸುಕ್ಕಾಗಬಾರದು, ಎರಡು ಕೈಯಾಗೂ ಹಿಡ್ಕಂಡು ಬಾ!"

ಎರಡು ಕೈಯಲ್ಲೂ ಹಿಡಿದ. ಬಸ್ಸು ಹತ್ತಿದ. ಕಂಡಕ್ಟರು "ಕಂಬಿ ಹಿಡ್ಕೊಳ್ಳಯ್ಯಾ!" ಅಂದ. ಮೂರನೇ ಕೈ ಎಲ್ಲಿಂದ ತರಲಿ? ಇಳಿದ. ಹನ್ನೆರಡು ಮೈಲಿ ನಡೆದೇ ಬಂದ.

"ಅಯ್ಯೋ ಪೆದ್ದ ಮುಂಡೇದೇ! ಇಳಿಸೋ ಅದನ್ನ! ನೋಡು, ಈ ಮಾಸಲು ಗೆರೆನೇ ನಮ್ಮ ಬದು. ಕೆಳಗೆ ನಿಂತ್ರೆ ಕಾಣಲ್ಲವಂತೆ. ಹೋಗಿ ಮೇಲಿಂದ ನೋಡ್ಕಂಡು ಬಾ!"

ತಿಪ್ಪೇಶಿ ಫೋಟೋನ ಅಂಗಳದಲ್ಲಿಟ್ಟ. ಮಾಳಿಗೆ ಹತ್ತಿದ. ಬಗ್ಗಿ ನೋಡಿದ.

"ಅವ್ವಾ! ಗೆರೆ ಇರ್ಲಿ, ಫೋಟೋನೇ ಕಾಣ್ತಿಲ್ಲ!"

"ಫೋಟೋನಲ್ಲ ಕಣೋ, ಹೊಲಾನ! ಗುಡ್ಡ ಹತ್ತಿ ನೋಡು. ಕೆಳಗೆ ಕಲ್ಲಿರೋ ಕಡೆ ಸಜ್ಜೆ ಗಿಡ್ಡಕೆ ಬೆಳೆದಿರ್ತೈತೆ. ಫೋಟೋದಾಗಿರೋದು ನೆಲದ ಮೇಲೂ ಸಿಕ್ಕಿದ್ರೇ ಹದ್ದುಬಸ್ತು ಮಾಡಿ ಗಡಿ ಗುರುತು ಹಾಕೋದಂತೆ. ನಾಳೆ ಸಾಹೇಬ್ರು ಬಂದ ತಕ್ಷಣ ಆ ಗಿಡ್ಡ ಸಾಲು ತೋರ್ಸು!"

ಮರುದಿನ ಸಾಹೇಬರ ಜೀಪು ಊರಬಾಗಿಲಲ್ಲಿ ನಿಂತಿತು. ತಿಪ್ಪೇಶಿ ತಲೆ ಮೇಲಿನ ದೊಡ್ಡ ಹೊರೆಯನ್ನು ಅವರ ಮುಂದೆ ಧೊಪ್ಪನೆ ಹಾಕಿದ.

"ತಗಳಿ ಸ್ವಾಮಿ, ಗಿಡ್ಡ ಸಾಲು! ಒಂದು ಪೈರೂ ಬಿಟ್ಟಿಲ್ಲ!"

ಓಬಮ್ಮನ ಜೀವ ಬಾಯಿಗೆ ಬಂತು. "ಇದ್ದೊಂದು ಗುರುತನ್ನೂ ಕಿತ್ತು ತಂದ್ಯೇನೋ!" ಪಾಲಯ್ಯ ಹಲ್ಲು ಕಿರಿದ. ಎಲ್ಲರೂ ಹೊಲಕ್ಕೆ ಓಡಿದರು.

ನೋಡಿದರೆ ಏನು! ಹೊಲದ ಈ ತುದಿಯಿಂದ ಆ ತುದಿಗೆ ಬೈತಲೆ ತೆಗೆದ ಹಾಗೆ ಬೋಳು ಪಟ್ಟಿ. ಬೇರಿನ ಜೊತೆ ಮಣ್ಣೂ ಎದ್ದು, ಬದುವಿನ ಕಲ್ಲುಗಳು ಸಾಲಾಗಿ ತಲೆ ಎತ್ತಿವೆ. ಸಾಹೇಬರು ಫೋಟೋ ಬಿಡಿಸಿದರು. ತಿಪ್ಪೇಶಿಯನ್ನು ಪಾಲಯ್ಯನ ಹೊಲದೊಳಗೆ ನಿಲ್ಲಿಸಿ ಟೇಪಿನ ತುದಿ ಹಿಡಿಸಿದರು. ಅಳೆದರೆ ಒಂದು ಗೇಣೂ ಹೆಚ್ಚುಕಮ್ಮಿ ಇಲ್ಲ!

"ಇದೇ ಕಣಮ್ಮ ನಿಮ್ಮ ಬದು" ಅಂದರು. ಓಬಮ್ಮ ಅಲ್ಲೇ ಕುಸಿದು ಕೂತು ಅತ್ತಳು, ನಕ್ಕಳು. ಎದೆ ಮೇಲಿನ ಚಪ್ಪಡಿ ಇಳಿದಂತಾಯಿತು. ಆಚೆ ನಿಂತಿದ್ದ ಮಗನಿಗೆ ಕೂಗಿ ಹೇಳಿದಳು: "ಲೋ, ಇನ್ಮೇಲೆ ಜಗಳ ಬ್ಯಾಡ. ಈ ಬದು ಮಾತ್ರ ದಾಟಬ್ಯಾಡ, ತಿಳೀತಾ?"

"ತಿಳೀತವ್ವಾ!"

ಓಬಮ್ಮ ಮನೆಗೆ ಬಂದು ಪಾಯಸ ಮಾಡಿದಳು. ಮಗ ಬರಲಿಲ್ಲ. ಹೊತ್ತು ಮುಳುಗುವಾಗ ಪಾಲಯ್ಯ ಏದುಸಿರು ಬಿಡುತ್ತಾ ಓಡಿ ಬಂದ.

"ಓಬಕ್ಕಾ, ಬದು ನಿಂದೇ, ಎಂಟು ಗುಂಟೆನೂ ನಿಂದೇ, ಒಪ್ಕಂಡೆ! ನಿನ್ನ ಮಗ ನನ್ನ ಹೊಲದಾಗೇ ನಿಂತವ್ನೆ, ದಾಟಬಾರದಂತೆ! ಮಧ್ಯಾಹ್ನ ನನ್ನ ಬುತ್ತಿ ಉಂಡ, ಈಗ ಹಾಸಿಗೆ ಕೇಳ್ತಾವ್ನೆ. ಅವನನ್ನೂ ನಿನ್ನ ಕಡೆಗೆ ಅಳತೆ ಮಾಡಿಸ್ಕೊಳ್ಳವ್ವಾ!"