ಸಿಕ್ಕುವವರ ಕೊಡದ ಕಥೆ

ಕಂಡ ಪಾತ್ರೆಯನ್ನೆಲ್ಲ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡುವುದು ಚಂದ್ರಭಾಗಿಯ ಅಭ್ಯಾಸವಾಗಿತ್ತು. ತುಂಬಿದ್ದರೆ ಸದ್ದು ಒಳಗೇ ಉಳಿಯುತ್ತಿತ್ತು, ಅವಳಿಗೂ ಸಮಾಧಾನವಾಗುತ್ತಿತ್ತು. ಖಾಲಿಯಿದ್ದರೆ ಠಣ್ಣೆನ್ನುತ್ತಿತ್ತು, ಆಮೇಲೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಅಕ್ಕಿಯೋ ಉಪ್ಪೋ ಹುಣಸೆಯೋ ಏನಾದರೂ ತುಂಬಿಸಿಯೇ ಕೈ ತೊಳೆಯುತ್ತಿದ್ದಳು. ಇವಳು ಪಡುವಣ ಕಡಲ ಕರೆಯಲ್ಲಿ ಅಳಿವೆಪುರವೆಂಬ ರೇವಿನಲ್ಲಿ ಹಡಗಿನ ವ್ಯಾಪಾರ ಮಾಡಿಕೊಂಡಿದ್ದ ಅನಂತ ಶೆಟ್ಟಿಯ ಹೆಂಡತಿ. ದೀಪವನ್ನೂ ನೀರಿನ ಕೊಡವನ್ನೂ ಇಟ್ಟು ಸುತ್ತ ಕೂತವರೆಲ್ಲ ಅಕ್ಷತೆ ಹಿಡಿದು ಅವಳ ಕಥೆ ಕೇಳಿರಿ.

ಆ ರೇವಿನಲ್ಲಿ ಒಂದು ಕಟ್ಟಳೆಯಿತ್ತು. ನೂಲ ಹುಣ್ಣಿಮೆಯ ದಿನ ಕಡಲ ತಾಯಿಗೆ ತೆಂಗಿನಕಾಯಿ ಒಪ್ಪಿಸಿ, ಹಡಗುಗಳು ಹೊರಡುವ ಮುಂಚೆ, ಒಡೆಯನ ಮನೆಯ ಹೆಂಗಸು ತಾಮ್ರದ ಕೊಡದಲ್ಲಿ ಬಾವಿಯ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮೇಲೆ ಜೇಡಿಮಣ್ಣು ಮೆತ್ತಿ, ಕುಂಕುಮವಿಟ್ಟು ಕಳಿಸಬೇಕು. ಅದನ್ನು ಹಡಗಿನವರು ಎಷ್ಟೇ ಬಾಯಾರಿದರೂ ಮುಟ್ಟುವಂತಿಲ್ಲ. ನಡುಗಡಲಲ್ಲಿ ಮುಳುಗುತ್ತಿರುವವರು ಸಿಕ್ಕಿದರೆ ಅವರಿಗೆಂದೇ ಅದು. ಹಾಗಾಗಿ ಅದಕ್ಕೆ ಸಿಕ್ಕುವವರ ಕೊಡ ಎಂದು ಹೆಸರು.

ಚಂದ್ರಭಾಗಿಯ ಅತ್ತೆ ಇದ್ದಷ್ಟು ಕಾಲ ವ್ರತ ತಪ್ಪಲಿಲ್ಲ. ಅತ್ತೆ ತೀರಿಕೊಂಡ ವರ್ಷ ಚಂದ್ರಭಾಗಿ ಆ ಕೊಡವನ್ನು ಕೈಗೆತ್ತಿಕೊಂಡು ತಟ್ಟಿ ನೋಡಿ, ಹನ್ನೊಂದು ವರ್ಷದಿಂದ ಇದು ಮುಚ್ಚಿದ ಹಾಗೇ ಹೋಗಿ ಮುಚ್ಚಿದ ಹಾಗೇ ಬರುತ್ತಿದೆ, ಬಂದ ನೀರನ್ನು ತುಳಸಿಗೆ ಸುರಿಯುತ್ತಿದ್ದೇವೆ, ಯಾರ ಉಪಯೋಗಕ್ಕೆ ಬಂತು ಎಂದುಕೊಂಡಳು. ದೂರದ ರೇವಿನಲ್ಲಿದ್ದ ಅಕ್ಕನ ಮನೆಯಲ್ಲಿ ಮದುವೆಯಿತ್ತು. ಕೊಡಕ್ಕೆ ಕತ್ತಿನವರೆಗೆ ಪಾಕದಂಥ ಜೋನಿಬೆಲ್ಲ ತುಂಬಿಸಿ, ಎಂದಿನಂತೆ ಬಟ್ಟೆ ಕಟ್ಟಿ, ಮಣ್ಣು ಮೆತ್ತಿ, ಕುಂಕುಮವನ್ನೂ ಇಟ್ಟು, ಗುಟ್ಟಾಗಿ ಅಕ್ಕನಿಗೆ ಮಾತ್ರ ಓಲೆ ಬರೆದು ಕಳಿಸಿದಳು. ಹಡಗು ನಡೆಸುವ ಹೊನ್ನ ತಾಂಡೇಲನಿಗೆ ಹೇಳಿದರೆ ಬೇಡವೆಂದಾನು ಎಂದು ಹೇಳಲಿಲ್ಲ.

ಹೊರಟ ನಾಲ್ಕನೆಯ ದಿನ ಬಿರುಗಾಳಿ ಬೀಸಿ ನಿಂತ ಮೇಲೆ, ಒಡೆದ ಮಚವೆ ದೋಣಿಯೊಂದರ ಹಲಗೆ ತಬ್ಬಿಕೊಂಡು ನಾಲ್ವರು ತೇಲುತ್ತಿರುವುದು ಕಾಣಿಸಿತು. ಅಲೆ ಇನ್ನೂ ಇಳಿದಿರಲಿಲ್ಲ. ತಾಂಡೇಲನು ಹಾಯಿ ಇಳಿಸಿ, ಹಡಗನ್ನು ಅಲೆಗೆ ಅಡ್ಡ ತಿರುಗಿಸಿ, ಇಬ್ಬರು ಖಲಾಸಿಗಳ ಸೊಂಟಕ್ಕೆ ಹಗ್ಗ ಬಿಗಿದು ಕಡಲಿಗಿಳಿಸಿದನು. ಎರಡು ಸಲ ಅಲೆ ಒಳನುಗ್ಗಿತು, ಕುಡಿಯುವ ನೀರಿನ ಪೀಪಾಯಿ ಒಡೆಯಿತು, ಒಬ್ಬ ಖಲಾಸಿಯ ಭುಜ ಕಳಚಿತು. ಆದರೂ ನಾಲ್ವರನ್ನೂ ಮೇಲೆಳೆದುಕೊಂಡರು. ಅವರಲ್ಲಿ ಎಲ್ಲರಿಗಿಂತ ಚಿಕ್ಕವನು ಹೊಳೆಯಾಚೆಯ ಮಂಕಾಳಮ್ಮನ ಒಬ್ಬನೇ ಮಗ ಜಟ್ಟಪ್ಪ. ಅವನ ಹೊಟ್ಟೆಗೆ ಉಪ್ಪುನೀರು ಬಹಳ ಹೋಗಿತ್ತು.

ಆಮೇಲೆ ಗಾಳಿ ಸತ್ತುಹೋಯಿತು. ಐದು ದಿನ ಹಾಯಿ ಅಲುಗಲಿಲ್ಲ. ಉಳಿದಿದ್ದ ಸ್ವಲ್ಪ ನೀರನ್ನು ಹಡಗಿನವರು ಕೈಬಿಚ್ಚಿ ಕೊಟ್ಟರು. ಮೊದಲು ಇವರಿಗೆ, ಆಮೇಲೆ ತಮಗೆ. "ಕುಡೀರಿ ಮಾರಾಯ್ರೇ, ಒಡ್ತಿಯಮ್ಮನ ಕೊಡ ಇನ್ನೂ ಮುಚ್ಚಿದ ಹಾಗೇ ಉಂಟು. ಈ ಸಲವಾದರೂ ಅದರ ಹೊಟ್ಟೆ ಇಳಿಯಲಿ" ಎಂದು ಭುಜ ನೊಂದ ಖಲಾಸಿ ನಗಾಡಿದನು. ಆ ಕೊಡವೊಂದು ಇದೆಯೆಂಬ ನಂಬಿಕೆಯಲ್ಲೇ ಅವರು ತಮ್ಮ ಪಾಲನ್ನೂ ಕೊಟ್ಟುಬಿಟ್ಟರು.

ಆರನೆಯ ದಿನ ತಾಂಡೇಲನು ಎಲ್ಲರೆದುರು ಕೈಮುಗಿದು, ಮಣ್ಣು ಒಡೆದು, ಬಟ್ಟೆ ಬಿಚ್ಚಿ, ಬೆರಳದ್ದಿದನು. ಬೆರಳು ಕಂದು ಬಣ್ಣವಾಗಿ, ಅಂಟಂಟಾಗಿ ಮೇಲೆ ಬಂತು. ಜಟ್ಟಪ್ಪನು ಆ ಬೆರಳಿನಿಂದ ಒಂದು ತೊಟ್ಟು ನಾಲಿಗೆಗೆ ಹಚ್ಚಿಸಿಕೊಂಡು, "ಒಳ್ಳೇ ಬೆಲ್ಲ ತಾಂಡೇಲಣ್ಣ. ನೀರೊಂದಿದ್ದಿದ್ದರೆ ಪಾನಕ ಆಗ್ತಿತ್ತು" ಎಂದನು. ಮರುದಿನ ಬೆಳಿಗ್ಗೆ ಅವನು ಹೋದನು. ಅದೇ ದಿನ ಮಧ್ಯಾಹ್ನ ಮಳೆ ಬಂತು.

ಹಡಗು ಹಿಂದಿರುಗಿದಾಗ ತಾಂಡೇಲನು ಕೊಡವನ್ನು ತಂದು ಜಗಲಿಯ ಮೇಲಿಟ್ಟನು. ಚಂದ್ರಭಾಗಿಯ ಕೈ ಅಭ್ಯಾಸಬಲದಿಂದ ಅದನ್ನು ತಟ್ಟಿತು.

"ತುಂಬೇ ಇದೆ ಅಮ್ಮಾ. ಒಂದು ಬೆರಳು ಅದ್ದಿದ್ದು ಬಿಟ್ಟರೆ ಯಾರೂ ಮುಟ್ಟಲಿಲ್ಲ" ಎಂದನು ತಾಂಡೇಲ. ನಡೆದದ್ದನ್ನೆಲ್ಲ ಹೇಳಿ, ಇನ್ನು ಆ ಹಡಗು ಹತ್ತುವುದಿಲ್ಲವೆಂದು ಮೆಟ್ಟಿಲಿಳಿದು ಹೋದನು.

ಅಂದಿನಿಂದ ಅವಳಿಗೆ ನೀರು ಗಂಟಲಲ್ಲಿ ಇಳಿಯದಾಯಿತು. ಯಾರಿಗೂ ಹೇಳದೆ ಕೊಡವನ್ನು ಅಟ್ಟದಲ್ಲಿ ಬಚ್ಚಿಟ್ಟಳು. ಮರುವರ್ಷ ನೂಲ ಹುಣ್ಣಿಮೆ ಬಂದಾಗಲೂ ಅದನ್ನು ಮುಟ್ಟಲು ಹೆದರಿ, ಕೊಡವಿಲ್ಲದೆಯೇ ಹಡಗು ಕಳಿಸಿದಳು. ತಾಂಡೇಲನಿಲ್ಲದ ಆ ಹಡಗಿನಲ್ಲಿ ಅನಂತ ಶೆಟ್ಟಿ ತಾನೇ ಹೋದನು. ಹದಿನೈದು ದಿನಕ್ಕೆಲ್ಲ ಹಡಗು ಬಂಡೆಗೆ ಬಡಿದು ಒಡೆಯಿತೆಂಬ ಸುದ್ದಿ ಬಂತು. ಇವಳು ಹಗಲೆಲ್ಲ ಕಡಲ ಕಡೆ ನೋಡಿಕೊಂಡು ಮರಳಿನಲ್ಲಿ ಕೂತಳು. ನನ್ನಂಥವಳೇ ತುಂಬಿದ ಕೊಡವೊಂದು ಅವರ ಪಾಲಿಗೆ ಸಿಕ್ಕಿದರೆ ಎಂದು ನೆನೆದು ನಡುಗಿದಳು.

ಆದರೆ ಹೆಂಚು ಹೇರಿಕೊಂಡು ಬರುತ್ತಿದ್ದ ಹೊಳೆಯಾಚೆಯ ಹಡಗೊಂದು ಅವರನ್ನು ಕಂಡಿತ್ತು. ಬಂಡೆಗಳ ನಡುವೆ ನುಗ್ಗಲು ಹಡಗು ಹಗುರಾಗಬೇಕೆಂದು ಅದರ ಜನ ಅರ್ಧ ಹೆಂಚನ್ನು ಕಡಲಿಗೆಸೆದು, ಒಬ್ಬೊಬ್ಬರನ್ನೇ ಹಗ್ಗದಿಂದೆಳೆದು, ಶೆಟ್ಟಿಯೂ ಸೇರಿ ಏಳು ಮಂದಿಯನ್ನೂ ಉಳಿಸಿದರು. ಶೆಟ್ಟಿ ಮನೆಗೆ ಬಂದವನು, "ಏನೇ, ನನ್ನನ್ನು ಬದುಕಿಸಿದ್ದು ಒಂದು ಕೊಡ ನೀರು ಕಣೇ. ಅದರ ಬಾಯಿಗೆ ಹಳೇ ಸೀರೆಯ ಚೂರು ಕಟ್ಟಿತ್ತು. ಕೊಡ ತಂದಿದ್ದೇನೆ, ಯಾರದೆಂದು ಕೇಳಿ ಮುಟ್ಟಿಸಿ ಬಾ" ಎಂದನು.

ಚಂದ್ರಭಾಗಿ ಹೊಳೆ ದಾಟಿ, ಕೇಳುತ್ತ ಕೇಳುತ್ತ ಹೋದರೆ, ಜನ ತೋರಿಸಿದ್ದು ಮಂಕಾಳಮ್ಮನ ಮನೆಯನ್ನು. ಮಗ ಹೋದ ಮೇಲೆ ಆ ಮುದುಕಿ ಊರಿನಿಂದ ಹೊರಡುವ ಪ್ರತಿ ಹಡಗಿಗೂ ತಾನೇ ನೀರು ಹೊತ್ತು ಕೊಡ ತುಂಬಿಸುತ್ತಿದ್ದಳು. ಚಂದ್ರಭಾಗಿ ಅಂಗಳದಲ್ಲೇ ಕೂತು, ವ್ರತದ ಕ್ರಮ ಹೇಳಿಕೊಡಬೇಕೆಂದು ಬೇಡಿದಳು.

"ಕ್ರಮ ಎಂಥದು ಒಡ್ತೀರೇ? ಆಳಿನ ಕೈಲಿ ತರಿಸಬಾರದು, ಸ್ವಂತ ಸೊಂಟದಲ್ಲಿ ಹೊರಬೇಕು. ಯಾರಿಗೆ ಅಂತ ಕೇಳಬಾರದು. ಕಟ್ಟುವ ಮುಂಚೆ ಒಂದು ಗುಟುಕು ಕುಡಿದು ನೋಡಬೇಕು, ಅಷ್ಟೇ" ಎಂದಳು ಮುದುಕಿ.

ಆಗ ಚಂದ್ರಭಾಗಿ ಬೆಲ್ಲದ ಸಂಗತಿಯನ್ನು ಒಂದೂ ಬಿಡದೆ ಹೇಳಿದಳು. ಮಂಕಾಳಮ್ಮ ಅಳಲಿಲ್ಲ, ಬೈಯಲಿಲ್ಲ. ನನ್ನ ಮನೆಗೆ ಬಂದು ನನ್ನ ಕೈಯ ಒಂದು ಲೋಟ ನೀರು ಕುಡಿದು ಹೋಗವ್ವಾ ಎಂದು ಇವಳು ಕಾಲು ಹಿಡಿದಳು. ಮುದುಕಿ ಮೆಲ್ಲಗೆ ಕಾಲು ಬಿಡಿಸಿಕೊಂಡು, ತನ್ನ ಕೊಡವನ್ನೆತ್ತಿಕೊಂಡು ಬಾವಿಯ ಕಡೆ ನಡೆದಳು.

ಚಂದ್ರಭಾಗಿ ಮನೆಗೆ ಬಂದು ಅಟ್ಟದ ಕೊಡವನ್ನಿಳಿಸಿ, ಬೆಲ್ಲ ತೆಗೆದು, ಹುಣಸೆಹಣ್ಣು ಹಚ್ಚಿ ಬೆಳಗಿ, ಅಂದಿನಿಂದ ವರ್ಷವರ್ಷವೂ ತಾನೇ ನೀರು ಹೊತ್ತು, ಕುಡಿದು ನೋಡಿ, ಕಟ್ಟಿ ಕಳಿಸಿದಳು. ಹೊನ್ನ ತಾಂಡೇಲನು ಮರಳಿ ಬಂದು, ಶೆಟ್ಟಿ ಕಟ್ಟಿಸಿದ ಹೊಸ ಹಡಗಿನ ಚುಕ್ಕಾಣಿ ಹಿಡಿದನು. ಒಂದು ಹಡಗು ಮೂರಾಯಿತು, ಕಡಲಲ್ಲಿ ಸಿಕ್ಕಿದವರು ಎಷ್ಟೋ ಮಂದಿ ಅವಳ ನೀರು ಕುಡಿದು ತಂತಮ್ಮ ಮನೆ ಸೇರಿದರು. ಜಟ್ಟಪ್ಪ ಮಾತ್ರ ಸೇರಲಿಲ್ಲ. ಪ್ರತಿ ನೂಲ ಹುಣ್ಣಿಮೆಗೂ ಅವಳು ಮಂಕಾಳಮ್ಮನಿಗೆಂದು ಒಂದು ಎಲೆ ಹಾಕಿ, ಪಕ್ಕದಲ್ಲಿ ನೀರಿಟ್ಟು, ಹೊಳೆಯ ಕಡೆ ಬಾಗಿಲು ತೆರೆದು ಕಾದಳು. ತಲೆ ನರೆಯುವವರೆಗೂ ಕಾದಳು.

ಈ ಕಥೆಯನ್ನು ಶ್ರದ್ಧೆಯಿಂದ ಓದಿದವರ, ಕಿವಿಗೊಟ್ಟು ಕೇಳಿದವರ, ಕೇಳದವರಿಗೆ ಹೇಳಿದವರ ಮನೆಯ ಜನ ಎಷ್ಟು ದೂರದ ನೀರಿನಲ್ಲಿ ದಿಕ್ಕು ತಪ್ಪಿದರೂ ಯಾವುದೋ ಹಡಗಿನ ಕಣ್ಣಿಗೆ ಬೀಳಲಿ. ಅಲ್ಲಿ ಅವರಿಗೆಂದು ಯಾರೋ ತುಂಬಿಟ್ಟ ಕೊಡದಲ್ಲಿ ನೀರೇ ಇರಲಿ. ಈಗ ಎಲ್ಲರೂ ಅಕ್ಷತೆಯನ್ನು ಕೊಡದ ಮೇಲಿಟ್ಟು, ಬಾಗಿಲು ತೆರೆದು, ಚಂದ್ರಭಾಗಿ ಕೂಗುತ್ತಿದ್ದ ಹಾಗೆಯೇ ಹೊರಗೆ ನೋಡಿ ಮೂರು ಸಲ ಕೂಗಿರಿ:

"ಮಂಕಾಳಮ್ಮಾ, ಕುಡಿದು ನೋಡಿಯೇ ಇಟ್ಟಿದ್ದೇನೆ. ಒಂದು ಗುಟುಕು ಕುಡಿದು ಹೋಗವ್ವಾ."