ಅಚ್ಚು ಒಡೆಯೋ ಮುಂಚೆ

ಕೇಳ್ರಪ್ಪಾ, ಸುಳ್ಳು ಅನ್ನೋರು ಎದ್ದು ಹೋಗಿ, ನಿಜ ಅನ್ನೋರು ಹತ್ತಿರ ಬನ್ನಿ. ಕೆಂಚಮ್ಮನಿಗೆ ಒಬ್ಬನೇ ಮಗ, ಜುಂಜ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು; ಅದೇ ಅವನ ರೋಗ. ಕೆಂಚಮ್ಮನಿಗೋ ಉಬ್ಬಸ. "ನಾನು ಕಣ್ಣು ಮುಚ್ಚಿದರೆ ಇವನಿಗೆ ಅನ್ನ ಹಾಕೋರು ಯಾರು ಶಿವನೇ?" ಹಗಲೂ ಅದೇ ಕೊರಗು, ಇರುಳೂ ಅದೇ ಕೊರಗು. ಕೊನೆಗೆ ಊರಾಚೆಯ ಪ್ಲಾಸ್ಟಿಕ್ ಶೆಡ್ಡಿಗೆ ಹೋಗಿ, ದಸ್ತಗೀರ್ ಮೇಸ್ತ್ರಿಯನ್ನು ಬೇಡಿಕೊಂಡು, ಮಗನನ್ನು ಲಾಡು ಇಡುವ ತಟ್ಟೆ ಮಾಡುವ ಮಿಷನ್ನಿಗೆ ನಿಲ್ಲಿಸಿದಳು.

ಮಿಷನ್ ಅಂದರೆ ಅದು! ಗಾಳಿ ಹೀರಿತೆಂದರೆ ಮೇಸ್ತ್ರಿಯ ಮೀಸೆ ಅತ್ತಲೇ ವಾಲಬೇಕು.

"ನೋಡು ಜುಂಜ, ಕೆಂಪು ಗುಂಡಿ ಒತ್ತಿದರೆ ಮೇಲಿನ ಹೀಟರು ಪ್ಲಾಸ್ಟಿಕ್ ಹಾಳೆ ಕಾಯಿಸುತ್ತೆ. ಹಾಳೆ ಮೆತ್ತಗಾದಾಗ ಹಸಿರು ಗುಂಡಿ ಒತ್ತು. ಅಚ್ಚು ಮೇಲೆ ಬರುತ್ತೆ, ಗಾಳಿ ಎಳೆದು ಹಾಳೆ ಅಚ್ಚಿಗೆ ಅಂಟುತ್ತೆ, ತಟ್ಟೆ ಆಯಿತು!"

ಜುಂಜ ಕೆಂಪು ಒತ್ತಿದ. ಹಾಳೆ ಮೆತ್ತಗಾಯಿತು, ಜೋತುಬಿತ್ತು, ಹೊತ್ತಿಕೊಂಡಿತು! ಹೊಗೆ ಕಂಡು ಮೂರೂರಿನವರು ಮೋಡ ಕಟ್ಟಿತೆಂದು ಒಣಹಾಕಿದ ರಾಗಿ ಎತ್ತಿಟ್ಟರು.

"ಹಸಿರು ಯಾಕೋ ಒತ್ತಲಿಲ್ಲ?"

"ಮೆತ್ತಗಾಯಿತಾ ಅಂತ ಮುಟ್ಟಿ ನೋಡು ಅಂತ ನೀವು ಹೇಳಲಿಲ್ಲ ಮೇಸ್ತ್ರೇ."

"ಪೆದ್ದ ಮುಂಡೇದೇ! ಜೋತುಬಿದ್ದಿದ್ದು ಕಂಡ ಕೂಡಲೇ ಬೆಂಕಿ ಆಚೆ ತಳ್ಳಬೇಕು!"

"ಆಗಲಿ ಮೇಸ್ತ್ರೇ."

ಸಂಜೆ ಕೆಂಚಮ್ಮ ಒಲೆ ಮುಂದೆ ತೂಕಡಿಸಿದಳು. ತಲೆ ಜೋತುಬಿತ್ತು. ಜುಂಜ ಓಡಿಬಂದು ಉರಿಯುವ ಸೌದೆಯನ್ನೆಲ್ಲಾ ಬೀದಿಗೆಸೆದ! ಮುದ್ದೆ ಅರ್ಧಕ್ಕೇ ನಿಂತಿತು.

"ಅಯ್ಯೋ ನನ್ನ ಕರ್ಮವೇ! ಜೋತುಬಿದ್ದೋರಿಗೆ ಕಂಬಳಿ ಹೊದಿಸ್ತಾರೆ ಕಣೋ!"

"ಆಗಲವ್ವಾ."

ಮಾರನೆಯ ದಿನ ಹಾಳೆ ಜೋತುಬಿತ್ತು. ಜುಂಜ ಕಂಬಳಿ ಹೊದಿಸಿ ಹಸಿರು ಒತ್ತಿದ. ಮಿಷನ್ ಭರ್ರೆಂದು ಎಳೆದುಕೊಂಡ ರಭಸಕ್ಕೆ ಒಳಗಿನ ಅಚ್ಚು ಎರಡು ಹೋಳು! ತಟ್ಟೆಗೋ ಮೈತುಂಬ ಕುರಿಯ ಉಣ್ಣೆ.

ಮೇಸ್ತ್ರಿ ತಲೆ ಚಚ್ಚಿಕೊಂಡ. "ಅಚ್ಚಿನಲ್ಲಿ ಬಿರುಕಿತ್ತಲ್ಲೋ, ಕಾಣಲಿಲ್ಲವಾ?"

"ಕಂಡಿತ್ತು ಮೇಸ್ತ್ರೇ."

"ಬಿರುಕು ಕಂಡರೆ, ಒಡೆಯೋ ಮುಂಚೆ ಬೇಕಾದಷ್ಟು ಮಾಲು ತೆಗೆದಿಟ್ಟುಕೋಬೇಕು! ಅಚ್ಚು ಹೋದಮೇಲೆ ಅಂಥದ್ದು ಇನ್ನೊಂದು ಬರಲ್ಲ. ಇನ್ನೊಂದು ತಪ್ಪು ಮಾಡಿದೆಯೋ, ಮನೆಗೆ ನಡಿ!"

"ಆಗಲಿ ಮೇಸ್ತ್ರೇ."

ಸುದ್ದಿ ಕೇಳಿದ ಕೆಂಚಮ್ಮ ಮಧ್ಯಾಹ್ನ ಬುತ್ತಿ ಹೊತ್ತು, ಏದುಸಿರು ಬಿಡುತ್ತಾ ಶೆಡ್ಡಿಗೆ ಬಂದಳು. ಮೇಸ್ತ್ರಿಯನ್ನು ಇನ್ನೊಮ್ಮೆ ಬೇಡಿಕೊಳ್ಳಬೇಕು. ಬಾಗಿಲಲ್ಲಿ ಕೂತು ಕಾಲು ಚಾಚಿದಳು. ಜುಂಜ ಅವಳ ಹಿಮ್ಮಡಿ ನೋಡಿದ. ಕೆರೆಯಂಗಳದ ಹಾಗೆ ಒಡೆದಿತ್ತು. ನೋಡಿದ, ನೋಡಿದ, ಬಗ್ಗಿ ಬಿರುಕಿನ ಮೇಲೆ ಬೆರಳಾಡಿಸಿದ. ಅವ್ವನನ್ನು ಎತ್ತಿ, ಅಚ್ಚಿಡುವ ಜಾಗದಲ್ಲಿ ಅಂಗಾತ ಮಲಗಿಸಿದ!

ಮೇಸ್ತ್ರಿ ಹಾರಿ ಹೋಗಿ ಮೇನ್ ಸ್ವಿಚ್ಚು ಕಿತ್ತ. "ಏನೋ ಮಾಡ್ತಿದ್ದೀಯ, ಪಾಪಿ!"

"ಅವ್ವ ಬಿರುಕು ಬಿಟ್ಟವ್ಳೆ ಮೇಸ್ತ್ರೇ. ಒಡೆಯೋ ಮುಂಚೆ ಒಂದು ನೂರು ತೆಗೆದಿಟ್ಕೋತೀನಿ."

ಹೊಡೆಯಲು ಎತ್ತಿದ ಮೇಸ್ತ್ರಿಯ ಕೈ ಎತ್ತಿದ ಹಾಗೇ ನಿಂತಿತು. ಮೇಸ್ತ್ರಿ ಗೋಡೆಯ ಕಡೆ ತಿರುಗಿ ಮೀಸೆ ಒರೆಸಿಕೊಂಡ. ಕೆಂಚಮ್ಮ ಮಲಗಿದಲ್ಲಿಂದಲೇ ಕೇಳಿದಳು:

"ನೂರು ಅವ್ವಂದಿರು ಕೂಡಿ ಬೈದರೆ ತಡಕೋತೀಯೇನೋ ಮಗನೇ?"

"ಬೈಲಿ ಬಿಡವ್ವಾ," ಎಂದ ಜುಂಜ, ಇದ್ದುದರಲ್ಲೇ ದೊಡ್ಡ ಹಾಳೆ ಹುಡುಕುತ್ತಾ. "ನೀನು ಅಲ್ಲಾಡಬೇಡ. ಅಚ್ಚು ಅಲ್ಲಾಡಿದರೆ ನೂರಕ್ಕೂ ಮೂಗು ಸೊಟ್ಟ ಬರುತ್ತೆ."