ನೀರಿನ ತಲೆ ಹಿಂದೆ ಹೋದ ಮಾಯಿಗ

ಪೆದ್ದನ ಕತೆ ಬೇಕು ಅಂತ ಕೂತಿದ್ದೀರಿ, ಹೇಳುತ್ತೇನೆ. ಮಾಯಿಗನ ಮೇಲೆ ಎಷ್ಟು ಬೇಕಾದರೂ ನಗಿ. ಅವನ ತಾಯಿ ನಿಂಗಾಜಮ್ಮನ ಎದುರಿಗೆ ಮಾತ್ರ ನಗಬೇಡಿ, ನಕ್ಕವರು ಉಳಿದಿಲ್ಲ.

ನಿಂಗಾಜಮ್ಮನ ಗಂಡ ನಾಲೆಯ ನೀರುಗಂಟಿ. ತೂಬು ತೆಗೆಯುವುದು, ಮುಚ್ಚುವುದು, ಯಾವತ್ತು ಯಾರ ಗದ್ದೆಗೆ ನೀರು ಅಂತ ನೋಡುವುದು ಅವನ ಕೆಲಸ. ನಾಲೆ ಏರಿಯ ಮೇಲೆ ಅವನ ಸೈಕಲ್ಲು ಬಂತೆಂದರೆ ಗೌಡರೂ ಗುದ್ದಲಿ ಕೆಳಗಿಡುತ್ತಿದ್ದರು. ಅವನು ಸತ್ತ. ಸೈಕಲ್ಲು ಉಳಿಯಿತು, ಮಗ ಉಳಿದ. ಸೈಕಲ್ಲಿಗಾದರೂ ಒಂದು ಬೆಲ್ಲಿತ್ತು, ಮಗನ ತಲೆಯಲ್ಲಿ ಅದೂ ಇರಲಿಲ್ಲ.

ಮೇಲುಗದ್ದೆಯ ಕೆಂಚೇಗೌಡ, ಆ ಕೆಲಸ ನನ್ನ ಅಳಿಯನಿಗೆ ಕೊಡಿ ಅಂತ ಪಂಚಾಯ್ತಿ ಸೇರಿಸಿದ. ಅಪ್ಪನ ಕೆಲಸ ಮಗನದು ಅಂತ ನಿಂಗಾಜಮ್ಮ ಸೆರಗು ಬಿಗಿದು ನಿಂತಳು. ನಾಲೆಯ ತುದಿಯಲ್ಲಿರುವ ಕೊನೆಹಟ್ಟಿಯ ಯಜಮಾನ ಚಿಕ್ಕತಮ್ಮಯ್ಯ ತೀರ್ಮಾನ ಹೇಳಿದ. ಈ ಸಲ ನಾಲ್ಕು ದಿನ, ಹಗಲು ಮಾತ್ರ ನೀರು ಬಿಡುತ್ತಾರೆ. ನಾಲ್ಕನೆಯ ದಿನ ಹೊತ್ತು ಮುಳುಗುವುದರೊಳಗೆ ಕೊನೆಹಟ್ಟಿಯ ಗದ್ದೆಗೆ ನೀರು ಮುಟ್ಟಿದರೆ ಕೆಲಸ ಮಾಯಿಗನದು. ಇಲ್ಲದಿದ್ದರೆ ಗೌಡನ ಅಳಿಯನದು.

ಮೊದಲ ದಿನ ನಿಂಗಾಜಮ್ಮ, ಅಪ್ಪನ ಸೈಕಲ್ಲಿಗೆ ಕೆಸರು ತಾಗಿಸಬೇಡ ಅಂತ ಹೇಳಿ ಕಳಿಸಿದಳು. ಏರಿಯ ಮೇಲೆಲ್ಲ ಕೆಸರು. ಮಾಯಿಗ ಸೈಕಲ್ಲನ್ನು ತಲೆಯ ಮೇಲೆ ಹೊತ್ತು ನಡೆದ. ಮೊದಲನೆಯ ತೂಬು ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು.

"ಸೈಕಲ್ಲು ಹೊರಕ್ಕಲ್ಲ ಕಣ್ಲಾ, ಹತ್ತಕ್ಕೆ. ಹತ್ತಿದ ಮ್ಯಾಲೆ ಇಳೀಬ್ಯಾಡ," ಅಂದಳು ನಿಂಗಾಜಮ್ಮ.

ಎರಡನೆಯ ದಿನ ಹತ್ತಿದ, ಇಳಿಯಲಿಲ್ಲ. ತೂಬು ತೆಗೆಯಬೇಕಾದರೆ ಇಳಿಯಬೇಕಲ್ಲ, ಹಾಗಾಗಿ ತೂಬು ನೋಡಿದ, ಬೆಲ್ಲು ಹೊಡೆದ, ಮುಂದಕ್ಕೆ ಹೋದ. ಕೆಂಚೇಗೌಡನ ಎಮ್ಮೆಗಳು ಎದುರು ಬಂದವು. ಆಗಲೂ ಇಳಿಯಲಿಲ್ಲ. ಎರಡು ಎಮ್ಮೆ, ಒಬ್ಬ ಮಾಯಿಗ, ಮೂರೂ ನಾಲೆಗೆ ಬಿದ್ದವು. ನೀರೊಳಗೂ ಪೆಡಲು ತುಳಿಯುತ್ತಿದ್ದನಂತೆ.

ನಿಂಗಾಜಮ್ಮ ತಲೆ ತಲೆ ಚಚ್ಚಿಕೊಂಡಳು. ಎದುರಿಗೆ ಯಾರಾದರೂ ಬಂದರೆ ಇಳಿದು, ಕೈಮುಗಿದು, ದಾರಿ ಬಿಡಬೇಕು ಅಂತ ಮೂರು ಸಲ ಬಾಯಿಪಾಠ ಮಾಡಿಸಿದಳು.

ಮೂರನೆಯ ದಿನ ಎದುರಿಗೆ ಬಂದವನು ಕೆಂಚೇಗೌಡನೇ. ಜೊತೆಗೆ ಮಣ್ಣುಬುಟ್ಟಿ ಹೊತ್ತ ಆಳುಗಳು. ಮಾಯಿಗ ಇಳಿದ, ಕೈಮುಗಿದ, ದಾರಿ ಬಿಟ್ಟ. ಅವರು ನಾಲೆಗೆ ಅಡ್ಡ ಕಟ್ಟಿದರು, ಏರಿ ಕಡಿದು ನೀರನ್ನು ಗೌಡನ ಗದ್ದೆಗೆ ತಿರುಗಿಸಿದರು. ಅಷ್ಟೂ ಹೊತ್ತು ನಮ್ಮ ಮಾಯಿಗ ಮುಗಿದ ಕೈ ಬಿಡಲಿಲ್ಲ.

ಅವತ್ತು ನಿಂಗಾಜಮ್ಮ ಬಯ್ಯಲಿಲ್ಲ. ಒಲೆ ಮುಂದೆ ಕೂತು ಅತ್ತಳು. ಗಂಡ ಸತ್ತಾಗಲೂ ಅವಳು ಅಷ್ಟು ಅತ್ತಿರಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು ಎದ್ದಳು.

ಒಣಗಿದ ನಾಲೆಯಲ್ಲಿ ಕಸಕಡ್ಡಿ ನೂಕಿಕೊಂಡು ಮುಂದೆ ಮುಂದೆ ಬರುವ ನೊರೆಗೆ ನೀರುಗಂಟಿಗಳು ನೀರಿನ ತಲೆ ಅನ್ನುತ್ತಾರೆ. ಅದರ ಜೊತೆಯಲ್ಲೇ ತುದಿಯತನಕ ಹೋಗುವುದು ಅವರ ಪದ್ಧತಿ.

"ನಾಳೆ ಒಂದೇ ದಿನ ಉಳಿದಿರಾದು. ನೀರಿನ ತಲೆ ಎತ್ಲಾಗೆ ಹೋಯ್ತದೋ ಅತ್ಲಾಗೆ ನೀನೂ ಹೋಗು. ಅದಕ್ಕೆ ಅಡ್ಡ ಬಂದದ್ದ ಕಿತ್ತಾಕು. ಯಾರು ನಿಲ್ಲು ಅಂದ್ರೂ ನಿಲ್ಲಬ್ಯಾಡ," ಅಂದಳು.

ನಾಲ್ಕನೆಯ ದಿನ ನಂಬಿಕೆ ಸಾಲದೆ ತಾನೂ ಹಿಂದೆಯೇ ಓಡಿದಳು. ಬುದ್ಧಿ ಇದ್ದವನಾದರೆ ಮೊದಲು ಗೌಡ ಕಟ್ಟಿದ ಅಡ್ಡ ಕೀಳುತ್ತಿದ್ದ. ಮಾಯಿಗ ಅದನ್ನು ಮುಟ್ಟಲಿಲ್ಲ, ನೀರಿನ ತಲೆ ಅಲ್ಲಿರಲಿಲ್ಲವಲ್ಲ. ನೀರು ಗೌಡನ ಗದ್ದೆಗೆ ತಿರುಗಿತ್ತು, ಸೈಕಲ್ಲೂ ತಿರುಗಿತು. ಹೊಸ ನಾಟಿಯ ನಡುವೆ ತಳ್ಳಿಕೊಂಡು ಹೊರಟೇಬಿಟ್ಟ.

ಇದು ನನ್ನ ಗದ್ದೆ ಕಣೋ ಅಂತ ಕೆಂಚೇಗೌಡ ಕಿರುಚಿದ.

"ಗದ್ದೆ ನಿಮ್ದೇ ಗೌಡ್ರೆ. ನೀರು ನಂದು," ಅಂದ ಮಾಯಿಗ.

ಗೌಡ ನಿಂಗಾಜಮ್ಮನ ಕಡೆ ತಿರುಗಿ, ನಿನ್ನ ಮಗನನ್ನು ಈಗಲೇ ಕರೆ, ಇಲ್ಲದಿದ್ದರೆ ಊರಲ್ಲಿ ನೆಲೆ ಇಲ್ಲದ ಹಾಗೆ ಮಾಡುತ್ತೇನೆ ಅಂದ. ಅವಳು ಕರೆಯಲು ಬಾಯಿ ತೆರೆದಳು. ಅಷ್ಟರಲ್ಲಿ ನೀರಿನ ತಲೆ ಗದ್ದೆಯ ಕೆಳಬದುವಿಗೆ ಹೋಗಿ ನಿಂತಿತು, ಮಾಯಿಗ ಗುದ್ದಲಿ ಎತ್ತಿದ.

"ಕರಿಯಾಕಿಲ್ಲ. ಹಂಗೆ ಮಾಡು ಅಂತ ನಾನೇ ಹೇಳಿವ್ನಿ," ಅಂದಳು.

ಬದು ಒಡೆಯಿತು. ಅದರಾಚೆ ಜಾಲಿಮುಳ್ಳಿನ ಕೆಳಗೆ ಹಳೇ ನಾಲೆಯೊಂದು ಬಿದ್ದುಕೊಂಡಿತ್ತು. ಗೌಡನ ತಾತ ಒತ್ತುವರಿ ಮಾಡಿ ಬಾಯಿ ಮುಚ್ಚಿದ್ದು. ಊರು ಮರೆತಿತ್ತು, ನೀರು ಮರೆತಿರಲಿಲ್ಲ. ಗಡಗಡ ಅಂತ ಇಳಿಯಿತು, ಹಿಂದೆಯೇ ಸೈಕಲ್ಲು. ಹೊಸ ನಾಲೆ ಊರೆಲ್ಲ ಸುತ್ತಿ ಹೋಗುತ್ತದೆ, ಹಳೆಯದು ನೇರ. ಹೊತ್ತು ಇನ್ನೂ ಮಾರುದ್ದ ಇರುವಾಗಲೇ ಕೊನೆಹಟ್ಟಿಯ ಗದ್ದೆ ತುಂಬಿತು.

ಯಜಮಾನ ಚಿಕ್ಕತಮ್ಮಯ್ಯ ಹೂವಿನ ಹಾರ ಹಿಡಿದು, ನಿಲ್ಲಪ್ಪ ನೀರುಗಂಟಿ ಅಂದ. ಮಾಯಿಗ ನಿಲ್ಲಲಿಲ್ಲ. ಗದ್ದೆ ತುಂಬಿ ಮಿಕ್ಕ ನೀರು ಹಳ್ಳಕ್ಕೆ ಇಳಿಯುತ್ತಿತ್ತು.

"ಸಾಕು ನಿಲ್ಲೋ ಮಗ," ಅಂತ ಏದುಸಿರು ಬಿಡುತ್ತಾ ಬಂದ ನಿಂಗಾಜಮ್ಮ ಕೂಗಿದಳು.

"ಯಾರು ಅಂದ್ರೂ ನಿಲ್ಲಬ್ಯಾಡ ಅಂದಿದ್ದೆ ಕಣವ್ವ," ಅಂತ ಬೆಲ್ಲು ಹೊಡೆದು ಹೋದ.

ಹಾರ ನಿಂಗಾಜಮ್ಮನ ಕೊರಳಿಗೆ ಬಿತ್ತು. ಅವನು ಬರುವ ತನಕ ತೂಬು ನೋಡುವವರು ಯಾರು ಅಂತ ಕೆಂಚೇಗೌಡ ಕೊಂಕು ತೆಗೆದ. ನಾನು ಅಂದಳು ಅವಳು.

ಎರಡು ದಿನ ಬಿಟ್ಟು ಹೊಳೆಯ ಹರಿಗೋಲಿನವನು ಹುಡುಕಿಕೊಂಡು ಬಂದ. ನಿನ್ನ ಮಗ ಹೊಳೆದಂಡೆ ಹಿಡಿದು ಹೋಗುತ್ತಿದ್ದಾನೆ, ಆರೋಗ್ಯವಾಗಿದ್ದಾನೆ, ಒಂದು ಮಾತು ಹೇಳಿ ಕಳಿಸಿದ್ದಾನೆ ಅಂದ.

"ಮುಂದೆ ಯಾರೋ ಹೊಳೆಗೇ ಅಡ್ಡ ಕಟ್ಟವ್ರಂತೆ ಕಣವ್ವ, ಬೆಟ್ಟದೆತ್ತರ, ಕಲ್ಲಲ್ಲಿ. ಗುದ್ದಲಿ ಸಾಲದಂತೆ, ಹಾರೆ ಬೇಕಂತೆ."

ನಿಂಗಾಜಮ್ಮ ಒಳಗೆ ಹೋಗಿ ಹಾರೆ ತಂದುಕೊಟ್ಟಳು.